ಗೆಂಡೆ ಮೀನಿನ ಮೇವು ಮತ್ತು ಮಾಂಸ: ಅಂದಿನಿಂದ ಇಂದಿನವರೆಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿದರು. ಸಂಘ ಹುಟ್ಟಿದ ಬಗೆ, ಷೇರು ಬಂಡವಾಳ, ಅಧ್ಯಕ್ಷರುಗಳ ಪಟ್ಟಿ, ಕೆರೆ ಗುತ್ತಿಗೆಯ ಲೆಕ್ಕ ಇವೆಲ್ಲ ಬೇರೆ ಪುಟಗಳಲ್ಲಿ ಇದ್ದೇ ಇವೆ. ಆದಕಾರಣ ನಾವು ಸಂಘದ ಚರಿತ್ರೆಯನ್ನು ಬಿಟ್ಟು, ಸಂಘವನ್ನು ಸಾಕಿದ ಮೀನಿನ ಚರಿತ್ರೆಯನ್ನು ಹಿಡಿದಿದ್ದೇವೆ.

ಇದಕ್ಕೊಂದು ಕಾರಣವಿದೆ. ಕಳೆದ ಮಹಾಸಭೆಯಲ್ಲಿ ಪೇಟೆಯ ವ್ಯಾಪಾರಿಯೊಬ್ಬರ ಕಾಗದವನ್ನು ಓದಲಾಯಿತು. ಕಾರ್ಖಾನೆಯಲ್ಲಿ ತಯಾರಾದ ಉಂಡೆ ಮೇವನ್ನು ಸಾಲದ ಮೇಲೆ ಕೊಡುತ್ತೇವೆ, ಮೀನು ಬೇಗ ತೂಕ ಬರುತ್ತದೆ, ಹಿಡಿದ ಮೀನೆಲ್ಲ ನಮಗೇ ಕೊಡಬೇಕು ಎಂಬುದು ಅದರ ಸಾರಾಂಶ. ಅರ್ಧ ಸಭೆ ಆಗಲೇ ಕೈ ಎತ್ತಿತ್ತು. ಆಗ ಹೆಂಗಸರ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಸದಸ್ಯೆ ಎದ್ದುನಿಂತು, "ಅಲ್ರಪ್ಪಾ, ಮೂಟೆ ಮೇವು ಹಾಕಿ ಉಬ್ಸಿದ್ ಮೀನ್ನಾಗೆ ಸತ್ವ ಇರ್ತದಾ? ನಮ್ಮ ಮೊಮ್ಮಕ್ಳು ತಿನ್ನೋದೂ ಅದ್ನೇ ಅಲ್ವಾ?" ಎಂದು ಕೇಳಿದರು. ವೇದಿಕೆಯ ಮೇಲಿದ್ದ ನಾವು ಯಾರೂ ನೆಟ್ಟಗೆ ಉತ್ತರ ಹೇಳಲಿಲ್ಲ. "ನೋಡೋಣ ಅಮ್ಮಾ" ಎಂದು ಕೂರಿಸಿದೆವು. ಅದು ನಮಗೆ ಮುಜುಗರದ ಸಂಗತಿಯಾಗಿಯೇ ಉಳಿಯಿತು. ಆ ಅಮ್ಮನವರಿಗೆ ಸಲ್ಲಬೇಕಾಗಿದ್ದ ಉತ್ತರವೇ ಈ ಲೇಖನ.

ಮೊದಲು ಮಾಂಸದ ವಿಚಾರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1971ರಲ್ಲಿ ಪ್ರಕಟಿಸಿದ ಆಹಾರದ ಪಟ್ಟಿಯಲ್ಲಿ ನೂರು ಗ್ರಾಂ ರೋಹು ಮಾಂಸದಲ್ಲಿ 16.6 ಗ್ರಾಂ ಸಸಾರಜನಕ, 1.4 ಗ್ರಾಂ ಕೊಬ್ಬು ಎಂದಿದೆ. ಕಾಟ್ಲಾಕ್ಕೆ 19.5 ಮತ್ತು 2.4 ಎಂದಿದೆ. ಇದರಲ್ಲಿ ಸಸಾರಜನಕದ ಲೆಕ್ಕ ಸುಲಭಕ್ಕೆ ಅಲುಗುವುದಿಲ್ಲ. ಮೀನನ್ನು ಹೊಳೆಯಲ್ಲಿ ಬಿಡಿ, ಕೆರೆಯಲ್ಲಿ ಬಿಡಿ, ತೌಡು ಹಾಕಿ, ಹಿಂಡಿ ಹಾಕಿ, ಅದು ಹದಿನಾರು ಹತ್ತೊಂಬತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲುಗುವುದು ಕೊಬ್ಬು. ಸಾಮಾನ್ಯ ಗೆಂಡೆಯ ಮಾಂಸದಲ್ಲಿ ಸಾಕುವ ಕ್ರಮಕ್ಕೆ ತಕ್ಕಂತೆ ಕೊಬ್ಬು ನೂರಕ್ಕೆ ಎರಡರಿಂದ ಹಿಡಿದು ಹತ್ತನ್ನು ದಾಟುವುದೂ ಉಂಟು. ಕೊಬ್ಬು ಎಷ್ಟು ಎಂಬುದು ಮಾತ್ರವಲ್ಲ, ಅದು ಎಂಥ ಕೊಬ್ಬು ಎಂಬುದೂ ಮೇವನ್ನು ಅನುಸರಿಸಿ ಬದಲಾಗುತ್ತದೆ. ಡಾಕ್ಟರುಗಳು ಹೃದಯಕ್ಕೆ, ಮಕ್ಕಳ ಮಿದುಳಿಗೆ, ಕಣ್ಣಿಗೆ ಒಳ್ಳೆಯದೆಂದು ಹೇಳುವ ಒಮೆಗಾ-3 ಎಂಬ ಕೊಬ್ಬಿನಂಶ ಮೀನಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿ ಅದನ್ನು ತಯಾರಿಸುತ್ತದೆ, ಪಾಚಿಯನ್ನು ಸಣ್ಣ ನೀರುಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ, ಮೀನನ್ನು ನಾವು ತಿನ್ನುತ್ತೇವೆ. ಈ ಸರಪಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇವೆ.

ಗೆಂಡೆಯನ್ನು ಸಾಕುವ ವಿದ್ಯೆ ಬಹಳ ಹಳೆಯದು. ಚೀನಾ ದೇಶದಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಫಾನ್ ಲಿ ಎಂಬಾತನ ಹೆಸರಿನಲ್ಲಿ ಗೆಂಡೆ ಸಾಕಣೆಯ ಒಂದು ಪುಟ್ಟ ಗ್ರಂಥವೇ ಇದೆ. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಮೀನಿನ ಜಾತಿಗಳು, ಅವು ಇರುವ ನೀರು, ಅವಕ್ಕೆ ಹಾಕುವ ಮೇವು, ಗಾಳ ಹಾಕುವ ಕ್ರಮ ಎಲ್ಲವೂ ಅದರಲ್ಲಿ ಬರುತ್ತದೆ. ಈಗಿನ ಬಸವಕಲ್ಯಾಣದ ಅರಮನೆಯಲ್ಲಿ ಮೀನಿನ ಮೇವಿನ ಮಾತು ನಡೆದಿತ್ತೆಂದರೆ ನಮಗೆ ಹೆಮ್ಮೆಯಲ್ಲವೇ! ಆದರೆ ಅದು ರಾಜರ ವಿನೋದ. ನಮ್ಮಂಥವರ ಕೆರೆಯಲ್ಲಿ ಮೀನಿಗೆ ಯಾರೂ ಮೇವು ಹಾಕುತ್ತಿರಲಿಲ್ಲ. ಮುಂಗಾರಿನಲ್ಲಿ ಕೋಡಿ ಬಿದ್ದಾಗ ಹಳ್ಳದಿಂದ ಹತ್ತಿ ಬಂದ ಮೀನು ಕೆರೆಯಲ್ಲಿ ಸಿಕ್ಕಿದ್ದು ತಿಂದು ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಊರೆಲ್ಲ ಕೂಡಿ ಕೆರೆ ಬೇಟೆ ಮಾಡುತ್ತಿದ್ದರು. ಆ ಮೀನು ಸಣ್ಣದು, ಬಡಕಲು, ಮುಳ್ಳು ಜಾಸ್ತಿ. ಆದರೆ ಅದರ ಮೈಯಲ್ಲಿದ್ದ ಅಷ್ಟಿಷ್ಟು ಕೊಬ್ಬು ಪೂರ್ತಿ ಕೆರೆಯ ಪಾಚಿ, ಹುಳದಿಂದ ಬಂದದ್ದು.

ಮೇವಿಗೂ ಮೀನಿನ ಬೆಳವಣಿಗೆಗೂ ಇರುವ ನಂಟನ್ನು ಹೊಟ್ಟೆ ಸೀಳಿ ನೋಡಿ ಹೇಳಿದ ಒಬ್ಬ ದೊಡ್ಡ ಮನುಷ್ಯ ಯುರೋಪಿನ ಬೊಹೆಮಿಯಾ ಸೀಮೆಯವರು. ಈಗ ಅದು ಚೆಕ್ ದೇಶದಲ್ಲಿದೆ. ಅಲ್ಲಿಯ ಟ್ರೆಬೋನ್ ಎಂಬ ಊರಿನ ಸುತ್ತ ನಮ್ಮಲ್ಲಿರುವಂಥದೇ ಏರಿ ಕಟ್ಟಿದ ಕೆರೆಗಳ ಸಾಲಿದೆ. ಕೆಂಪೇಗೌಡರು ಬೆಂಗಳೂರಿನ ಸುತ್ತ ಕೆರೆ ಕಟ್ಟಿಸಿದ ಅದೇ ಶತಮಾನದಲ್ಲಿ ಅವರೂ ಕಟ್ಟಿದರು. ಅಲ್ಲಿಯ ದೊಡ್ಡ ಕೆರೆ ರೋಜ್ಮ್‌ಬೆರ್ಕ್ 1590ರಲ್ಲಿ ಮುಗಿಯಿತು. ನಾವು ಕೆರೆಯನ್ನು ಗದ್ದೆಗಾಗಿ ಕಟ್ಟಿದೆವು, ಅವರು ಗೆಂಡೆಗಾಗಿ ಕಟ್ಟಿದರು, ಅಷ್ಟೇ ವ್ಯತ್ಯಾಸ. ಕ್ರಿಸ್ಮಸ್ ಹಬ್ಬದ ರಾತ್ರಿ ಗೆಂಡೆ ಇಲ್ಲದೆ ಅವರಿಗೆ ಊಟವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕೆರೆಗಳ ಮೇಲ್ವಿಚಾರಕರಾಗಿದ್ದವರು ಯೋಸೆಫ್ ಶುಸ್ತಾ. ಗೆಂಡೆ ಕೆಸರನ್ನೂ ಗಿಡದ ಕೊಳೆಯನ್ನೂ ತಿಂದು ಬದುಕುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಶುಸ್ತಾ ಮೀನಿನ ಕರುಳನ್ನು ಬಿಚ್ಚಿ ನೋಡಿದರು. ಅದರಲ್ಲಿ ಕಂಡದ್ದು ಸಣ್ಣ ಸಣ್ಣ ನೀರುಹುಳ, ಸೊಳ್ಳೆ ಜಾತಿಯ ಮರಿಹುಳ. ಕೆಸರನ್ನು ಗೆಂಡೆ ಕೆದಕುವುದು ಹುಳಕ್ಕಾಗಿಯೇ ಹೊರತು ಕೆಸರಿಗಾಗಿ ಅಲ್ಲ ಎಂದು ಅವರು 1884ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದರು. ಅದರಿಂದ ಹುಟ್ಟಿದ ಕ್ರಮ ಏನೆಂದರೆ, ಮೊದಲು ಕೆರೆಗೆ ಗೊಬ್ಬರ, ಸುಣ್ಣ ಹಾಕಿ ಹುಳವನ್ನು ಬೆಳೆಸುವುದು, ಆಮೇಲೆ ಸ್ವಲ್ಪ ಧಾನ್ಯ ಕೊಡುವುದು. ಹುಳ ಮೈ ಕಟ್ಟುವುದಕ್ಕೆ, ಧಾನ್ಯ ಕಸುವಿಗೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮುದ್ದೆ ಬೇರೆ, ಸಾರು ಬೇರೆ, ಎರಡೂ ಬೇಕು.

ಈಗ ನಮ್ಮ ದೇಶಕ್ಕೆ ಬರೋಣ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಉತ್ತರದ ದೊಡ್ಡ ಹೊಳೆಗಳ ಮೀನುಗಳು. ಅವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಬಂಗಾಳದ ಹೊಳೆಗಳಲ್ಲಿ ಪ್ರವಾಹದ ಕಾಲಕ್ಕೆ ಮರಿ ಸೋಸಿ ಹಿಡಿದು, ದೂರದ ಪ್ರಾಂತ್ಯಗಳಿಗೆ ರೈಲಿನಲ್ಲಿ ಕಳಿಸುತ್ತಿದ್ದರು. ದಾರಿಯಲ್ಲಿ ಸತ್ತದ್ದೆಷ್ಟೋ, ಬದುಕಿದ್ದೆಷ್ಟೋ. ಈ ಕಷ್ಟ ತಪ್ಪಿದ್ದು 1957ರ ಜುಲೈ 10ರಂದು. ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿನ ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯ ರಸವನ್ನು ಚುಚ್ಚಿ, ಸಾಕಿದ ಗೆಂಡೆಯಿಂದಲೇ ಮರಿ ಪಡೆದರು. ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತೇವೆ. ತುಂಗಭದ್ರಾ ಅಣೆಕಟ್ಟು, ಭದ್ರಾ ಪ್ರಾಜೆಕ್ಟ್ ಮುಂತಾದ ಕಡೆಯ ಮರಿ ಕೇಂದ್ರಗಳಿಂದ ಮರಿ ತಂದು ಕೆರೆಗೆ ಬಿಡುವ ನಮ್ಮಂಥ ಸಂಘಗಳೆಲ್ಲ ಆ ಚುಚ್ಚುಮದ್ದಿನ ಮಕ್ಕಳು ಎಂದರೆ ತಪ್ಪಾಗಲಾರದು. ಅದೇ 1957ರಲ್ಲಿ ಸಾಮಾನ್ಯ ಗೆಂಡೆಯ ಬ್ಯಾಂಕಾಕ್ ತಳಿ ದೇಶಕ್ಕೆ ಬಂತು. 1959ರಲ್ಲಿ ಬೆಳ್ಳಿಗೆಂಡೆ, ಹುಲ್ಲುಗೆಂಡೆ ಬಂದವು.

1971ರಲ್ಲಿ ಮಿಶ್ರ ಮೀನು ಸಾಕಣೆಯ ಅಖಿಲ ಭಾರತ ಯೋಜನೆ ಪ್ರಾರಂಭವಾಯಿತು. ಇದರ ತರ್ಕ ಬಹಳ ಚೆಂದ. ಕಾಟ್ಲಾ, ಬೆಳ್ಳಿಗೆಂಡೆ ಮೇಲಿನ ನೀರಿನಲ್ಲಿ ಪ್ಲವಕ ಸೋಸಿ ತಿನ್ನುತ್ತವೆ. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳದಲ್ಲಿ. ಹುಲ್ಲುಗೆಂಡೆ ಸೊಪ್ಪು ತಿಂದು ಹಾಕಿದ ಲದ್ದಿ ಮತ್ತೆ ನೀರಿಗೇ ಗೊಬ್ಬರ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಜಗಳವಿಲ್ಲದೆ ಉಂಡ ಹಾಗೆ. ಸಗಣಿ ಹಾಕಿ ನೀರನ್ನು ಹಸಿರು ಮಾಡುವುದೇ ಇಲ್ಲಿ ಮುಖ್ಯ ಮೇವು, ತೌಡು ಹಿಂಡಿ ಮೇಲುಪಚಾರ. ಎಕರೆಗೆ ಕಿಲೋ ಲೆಕ್ಕದಲ್ಲಿ ಸಿಗುತ್ತಿದ್ದ ಕಡೆ ಟನ್ ಲೆಕ್ಕ ಬಂತು. ಮಾಂಸದ ದೃಷ್ಟಿಯಿಂದಲೂ ಇದು ಒಳ್ಳೆಯ ಕ್ರಮವೇ. ಪ್ಲವಕ ತಿಂದ ಬೆಳ್ಳಿಗೆಂಡೆಯಲ್ಲಿ ಒಮೆಗಾ-3 ಚೆನ್ನಾಗಿಯೇ ಇರುತ್ತದೆ. ಮುಳ್ಳು ಜಾಸ್ತಿ, ಬೇಗ ಮೆತ್ತಗಾಗುತ್ತದೆ ಎಂದು ನಮ್ಮ ಸಂತೆಯಲ್ಲಿ ಅದಕ್ಕೆ ಬೆಲೆ ಕಡಿಮೆ. ನಮ್ಮ ಜನಕ್ಕೆ ರುಚಿ ಗೊತ್ತು, ಸತ್ವ ಗೊತ್ತಿಲ್ಲ, ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇವೆ.

ಆದರೆ ಆ ಯೋಜನೆಯ ಜತೆ ಒಂದು ತಪ್ಪೂ ಬಂತು. ಮರಿ ಬಿಡುವ ಮೊದಲು ಕೊಳದಲ್ಲಿರುವ "ಕಳೆ ಮೀನು"ಗಳನ್ನು ಕೊಲ್ಲಬೇಕೆಂದು ಕೈಪಿಡಿಗಳು ಹೇಳಿದವು. ಹೆಕ್ಟೇರಿಗೆ 2,500 ಕಿಲೋ ಹಿಪ್ಪೆ ಹಿಂಡಿ ಹಾಕಿದರೆ ಇದ್ದಬದ್ದ ಮೀನೆಲ್ಲ ಸತ್ತು ತೇಲುತ್ತಿತ್ತು. ಕೊರವನಂಥ ಮರಿ ನುಂಗುವ ಮೀನನ್ನು ತೆಗೆಯುವುದು ಸರಿಯೇ. ಆದರೆ ಸಾಸಲು, ಪಕ್ಕೆಯಂಥ ಬೆರಳುದ್ದದ ಮೀನುಗಳನ್ನೂ ಅದೇ ಲೆಕ್ಕಕ್ಕೆ ಸೇರಿಸಿದರು. ಕೆರೆ ಬತ್ತಿದ ಒಂದು ವರ್ಷ ಉಳಿದ ಗುಂಡಿಗಳಿಗೆ ನಾವೂ ಹಿಪ್ಪೆ ಹಿಂಡಿ ಸುರಿದವರೇ. ದೊಡ್ಡ ಗೆಂಡೆಯ ಮಾಂಸದಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ತಲೆ, ಕಣ್ಣು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಅದೂ ಇದೆ, ಸುಣ್ಣದ ಅಂಶವೂ ಇದೆ. ಬಾಂಗ್ಲಾದೇಶದಲ್ಲಿ ಮೋಲಾ ಎನ್ನುವ ಪುಟ್ಟ ಮೀನಿನಲ್ಲಿ ನೂರು ಗ್ರಾಂಗೆ ಎರಡು ಸಾವಿರ ಮೈಕ್ರೋಗ್ರಾಂಗೂ ಮೇಲ್ಪಟ್ಟು ಎ ಜೀವಸತ್ವ ಕಂಡುಬಂತು. ಕೊಳದಲ್ಲಿ ಗೆಂಡೆಯ ಜತೆಯಲ್ಲೇ ಮೋಲಾ ಸಾಕಿದರೆ ಗೆಂಡೆಯ ಬೆಳೆಗೆ ನಷ್ಟವಿಲ್ಲ, ಗೆಂಡೆ ಸಂತೆಗೆ, ಮೋಲಾ ಮನೆಗೆ ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರಾದ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಾವು ವಿಷ ಹಾಕಿ ಕೊಂದದ್ದಕ್ಕೆ ಅಲ್ಲಿ ಪ್ರಶಸ್ತಿ! ನಮ್ಮ ಕೆರೆಗೆ ಸಾಸಲು ಆಮೇಲೆ ಹಳ್ಳದ ನೀರಿನೊಂದಿಗೆ ತಾನಾಗಿ ತಿರುಗಿ ಬಂತು, ಅದು ನಮ್ಮ ಪುಣ್ಯ.

ಮುಂದಿನ ಅಧ್ಯಾಯ ಆಂಧ್ರದ ಕೊಲ್ಲೇರು. ಕೃಷ್ಣಾ ಗೋದಾವರಿ ನಡುವಿನ ಈ ಸರೋವರದ ಸುತ್ತ 1980ರ ದಶಕದಲ್ಲಿ ಮೀನು ಕೊಳಗಳು ಲೆಕ್ಕವಿಲ್ಲದಷ್ಟು ಎದ್ದವು. ಅಲ್ಲಿಯ ರೈತರು ಆರು ಜಾತಿಯ ಲೆಕ್ಕವನ್ನು ಬಿಟ್ಟು, ಹೆಚ್ಚಿನ ಪಾಲು ರೋಹು, ಸ್ವಲ್ಪ ಕಾಟ್ಲಾ ಎಂದು ನಿಂತರು. ಎಣ್ಣೆ ತೆಗೆದ ಅಕ್ಕಿ ತೌಡನ್ನು ಚೀಲಕ್ಕೆ ತುಂಬಿ, ಚೀಲಕ್ಕೆ ತೂತು ಮಾಡಿ, ಬಿದಿರು ಗಳಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡುವ ಉಪಾಯ ಅವರದೇ. ಮೀನು ತೂತಿಗೆ ಬಾಯಿ ಹಾಕಿ ಎಳೆದುಕೊಂಡು ತಿನ್ನುತ್ತದೆ, ಮೇವು ದಂಡವಾಗುವುದಿಲ್ಲ. ಈ ಮೀನು ಐಸಿನಲ್ಲಿ ಕಲ್ಕತ್ತೆಗೆ ಹೋಯಿತು. ಬಂಗಾಳದವರು ಅದಕ್ಕೆ "ಚಾಲಾನಿ" ಮೀನು ಎಂದು ಹೆಸರಿಟ್ಟು, ಊರ ಕೊಳದ ಮೀನಿನ ರುಚಿ ಇಲ್ಲವೆಂದು ಗೊಣಗಿಕೊಂಡೇ ತಿಂದರು. ಹೀಗಿದ್ದೂ ದೇಶದ ಬಡವರಿಗೆ ಇಷ್ಟು ಅಗ್ಗವಾಗಿ ಮೀನು ಒದಗಿಸಿದ ಕೀರ್ತಿ ಕೊಲ್ಲೇರಿನವರದು, ಅದನ್ನು ಕಿತ್ತುಕೊಳ್ಳಲಾಗದು. ಸರೋವರವನ್ನೇ ಒತ್ತರಿಸಿದ್ದ ಕೊಳಗಳನ್ನು 2006ರಲ್ಲಿ ಸರ್ಕಾರವೇ ಒಡೆಸಬೇಕಾಗಿ ಬಂದದ್ದು ಬೇರೆ ಕಥೆ.

ಬಂಗಾಳದವರ ಗೊಣಗಾಟದಲ್ಲಿ ಅರ್ಥವಿಲ್ಲದೆ ಇಲ್ಲ. ತೌಡಿನಲ್ಲಿ ಪಿಷ್ಟ ಜಾಸ್ತಿ. ಮೀನು ಓಡಾಡದೆ ಪಿಷ್ಟ ತಿಂದರೆ ಏನಾಗುತ್ತದೆ? ಗದ್ದುಗೆಯ ಮೇಲೆ ಕೂತು ಅನ್ನ ಉಂಡವರಿಗೆ ಆಗುವುದೇ ಆಗುತ್ತದೆ. ಪಿಷ್ಟ ಕೊಬ್ಬಾಗಿ ಹೊಟ್ಟೆಯಲ್ಲಿ ಕರುಳಿನ ಸುತ್ತ ಕೂರುತ್ತದೆ. ಆ ಕೊಬ್ಬು ಬಹುಪಾಲು ಓಲಿಯಿಕ್ ಎಂಬ ಬಗೆಯದು. ಅಡಿಗೆ ಎಣ್ಣೆಯಲ್ಲೂ ಅದು ಬೇಕಾದಷ್ಟಿದೆ, ಅದಕ್ಕಾಗಿ ಮೀನು ತಿನ್ನಬೇಕಾಗಿಲ್ಲ. ಕಡಲೆಕಾಯಿ ಹಿಂಡಿಯಲ್ಲಿ ಸಸಾರಜನಕ ಹೇರಳ, ಆದರೆ ಕಡಲೆಕಾಯಿ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೆಂದೇ ಹೇಳಬೇಕು. ಹೀಗೆ ತೌಡು, ಕಡಲೆಕಾಯಿ ಹಿಂಡಿ ಎರಡನ್ನೇ ನಂಬಿ ನೀರಿನ ಹಸಿರನ್ನು ಮರೆತರೆ, ಮೀನು ದಪ್ಪಗಾಗುತ್ತದೆ, ಒಮೆಗಾ-3ರ ಪಾಲು ಇಳಿಯುತ್ತದೆ. ಆ ಅಮ್ಮ "ಉಬ್ಸಿದ್ ಮೀನು" ಎಂದದ್ದು ಅರ್ಧ ನಿಜ. ಸಸಾರಜನಕ ಹೋಗಿಲ್ಲ, ಕೊಬ್ಬಿನ ಗುಣ ಹೋಗಿದೆ.

ಈಗ ನಮ್ಮ ರೇಷ್ಮೆ ಸೀಮೆಯವರು ಕಿವಿಗೊಟ್ಟು ಕೇಳಬೇಕಾದ ಸಂಗತಿ. ಜಪಾನ್ ದೇಶದ ನಾಗಾನೊ ಪ್ರಾಂತ್ಯದಲ್ಲಿ ಸಾಕು ಎಂಬ ಊರಿದೆ. ಹೆಸರೇ ಸಾಕು! ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪ ಹುಳವನ್ನು ಅಲ್ಲಿಯವರು ಗೆಂಡೆಗೆ ಹಾಕಿ ಬೆಳೆಸಿದರು. ಸಾಕುವಿನ ಗೆಂಡೆ ಎಂದರೆ ಕೊಬ್ಬಿದ, ರುಚಿಯಾದ ಮೀನು ಎಂದು ಆ ದೇಶದಲ್ಲೆಲ್ಲ ಹೆಸರಾಯಿತು. ಆದರೆ ಪ್ಯೂಪದಲ್ಲಿ ಎಣ್ಣೆ ಜಾಸ್ತಿ. ಬಹಳ ದಿನ ಇಟ್ಟರೆ ಆ ಎಣ್ಣೆ ಕಮಟುತ್ತದೆ. ಕಮಟು ಪ್ಯೂಪವನ್ನೇ ತಿಂದ ಗೆಂಡೆಗಳಿಗೆ ಬೆನ್ನಿನ ಮಾಂಸ ಸವೆದು ಕತ್ತಿಯಂತಾಗುವ ರೋಗ ಬಂತು. ಅವರು ಅದಕ್ಕೆ ಸೆಕೊಕೆ ಎಂದರು. 1960ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳು ಹುಡುಕಿ, ಕಮಟಿದ ಎಣ್ಣೆಯೇ ಕಾರಣ, ಇ ಜೀವಸತ್ವ ಕೊಟ್ಟರೆ ರೋಗ ನಿಲ್ಲುತ್ತದೆ ಎಂದು ಕಂಡುಕೊಂಡರು. ಮೇವಿನ ಕೇಡು ನೇರವಾಗಿ ಮಾಂಸದಲ್ಲಿ ಕಂಡದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡದ್ದು 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕೆ ಕಾಲೇಜು. ಅಲ್ಲಿ ಅಧ್ಯಾಪಕರಾಗಿದ್ದ ದಿವಂಗತ ಡಾ. ಎಂ.ಸಿ. ನಂದೀಶ ಮತ್ತು ಸಂಗಡಿಗರು ರೇಷ್ಮೆ ಪ್ಯೂಪವನ್ನೂ ಅದರ ಎಣ್ಣೆಯನ್ನೂ ಗೆಂಡೆಗಳಿಗೆ ಕೊಟ್ಟು ಪರೀಕ್ಷೆ ಮಾಡಿದರು. ದುಬಾರಿ ಮೀನುಪುಡಿಯ ಬದಲಿಗೆ ಪ್ಯೂಪ ಹಾಕಬಹುದೆಂದು ತೋರಿಸಿದರು. ಒಂದು ದಿನ ಹೆಚ್ಚು ಸಸಾರಜನಕದ ಮೇವು, ಮತ್ತೊಂದು ದಿನ ಕಡಿಮೆಯದು ಹೀಗೆ ಸರದಿ ಮೇಲೆ ಕೊಟ್ಟು ಖರ್ಚು ಉಳಿಸುವ ಕ್ರಮವನ್ನೂ ಪ್ರಯೋಗಿಸಿ ನೋಡಿದರು. ಇದರಲ್ಲಿ ನಮಗೆ ಮುಖ್ಯವಾದದ್ದು ಪ್ಯೂಪದ ಎಣ್ಣೆ. ಹಿಪ್ಪುನೇರಳೆ ಸೊಪ್ಪು ತಿಂದ ಹುಳದ ಎಣ್ಣೆಯಲ್ಲಿ ಲಿನೊಲೆನಿಕ್ ಎಂಬ ಒಮೆಗಾ-3 ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಗೆಂಡೆ ತನ್ನ ಮೈಯಲ್ಲಿ ಇದರ ಸ್ವಲ್ಪ ಭಾಗವನ್ನು ಮನುಷ್ಯನಿಗೆ ಇನ್ನೂ ಉಪಯುಕ್ತವಾದ ಉದ್ದ ಸರಪಳಿಯ ಒಮೆಗಾ-3 ಆಗಿ ಮಾರ್ಪಡಿಸಿಕೊಳ್ಳಬಲ್ಲದು. ಅಂದರೆ ನಮ್ಮ ಊರಿನ ಫಿಲೇಚರ್ ಮನೆಗಳ ಹಿಂದೆ ರಾಶಿ ಬಿದ್ದು ನಾರುವ ಹುಳದಲ್ಲಿ ಪೇಟೆಯ ಮೂಟೆ ಮೇವಿನಲ್ಲಿ ಇಲ್ಲದ ಗುಣವಿರಬಹುದು.

ಇದನ್ನು ಓದಿ ನಾವು ಆತುರಕ್ಕೆ ಬಿದ್ದದ್ದನ್ನೂ ಹೇಳಿಕೊಳ್ಳಬೇಕು. ಸಂಘ ಪ್ರಾರಂಭವಾದ ಮೊದಲೆರಡು ವರ್ಷ ನಾವು ಕೆರೆಗೆ ಮರಿ ಬಿಟ್ಟು ಸುಮ್ಮನಿದ್ದೆವು. ಮೀನು ಕಾಲು ಕಿಲೋ, ಅರ್ಧ ಕಿಲೋ ಬಂತು, ಗುತ್ತಿಗೆ ಹಣ ಕಟ್ಟುವುದಕ್ಕೇ ಸಾಲ ಮಾಡಿದೆವು. ಆಮೇಲೆ ರೈಸ್ ಮಿಲ್ಲಿನ ತೌಡು, ಗಾಣದ ಹಿಂಡಿ ಕಲಸಿ ಹಾಕತೊಡಗಿದೆವು, ತೂಕ ಬಂತು. ಒಂದು ವರ್ಷ ಯಾರದೋ ಮಾತು ಕೇಳಿ ಹಸಿ ಪ್ಯೂಪವನ್ನು ಗಾಡಿಗಟ್ಟಲೆ ತಂದು ಏರಿಯ ಮೇಲೆ ರಾಶಿ ಹಾಕಿ, ದಿನಾ ಮಂಕರಿಯಲ್ಲಿ ಸುರಿದೆವು. ಮೀನು ಚೆನ್ನಾಗಿಯೇ ಬೆಳೆಯಿತು. ಹಿಡಿದ ದಿನ ಸಂತೆಗೆ ಒಯ್ದರೆ, ಕೊಂಡವರು ಮರುವಾರ ಬಂದು "ಏನ್ರೀ, ನಿಮ್ ಮೀನು ರೇಷ್ಮೆ ಬಾಯ್ಲರ್ ನಾತ ಹೊಡೀತದೆ" ಎಂದು ಬಯ್ದರು. ಎರಡು ವಾರ ನಮ್ಮ ಮೀನನ್ನು ಯಾರೂ ಮೂಸಲಿಲ್ಲ. ತಪ್ಪು ಪ್ಯೂಪದ್ದಲ್ಲ, ನಮ್ಮದು. ಒಣಗಿಸಲಿಲ್ಲ, ಕಮಟಿದ್ದನ್ನು ಹಾಕಿದೆವು, ಹಿಡಿಯುವ ದಿನದವರೆಗೂ ಹಾಕಿದೆವು. ಆಮೇಲಿನ ವರ್ಷಗಳಲ್ಲಿ ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ತೌಡಿನೊಂದಿಗೆ ನಾಲ್ಕನೇ ಒಂದು ಪಾಲು ಬೆರೆಸಿ, ಬಲೆ ಹಾಕುವುದಕ್ಕೆ ಮೂರು ವಾರ ಮೊದಲೇ ನಿಲ್ಲಿಸಿದಾಗ ಯಾರೂ ದೂರಲಿಲ್ಲ.

ವಾಸನೆಯ ಮಾತು ಬಂದಿತಲ್ಲ, ಕೆಸರು ವಾಸನೆಯ ವಿಚಾರವನ್ನೂ ಇಲ್ಲೇ ಹೇಳುತ್ತೇವೆ. ಅದು ಕೆಸರು ತಿಂದದ್ದರಿಂದ ಬಂದದ್ದಲ್ಲ. ಮೇವು, ಗೊಬ್ಬರ ಹೆಚ್ಚಾಗಿ ನೀರಿನ ಮೇಲೆ ನೀಲಿಹಸಿರು ಪಾಚಿ ಕೆನೆಗಟ್ಟಿದಾಗ, ಆ ಪಾಚಿಯೂ ತಳದ ಕೆಲವು ಸೂಕ್ಷ್ಮಜೀವಿಗಳೂ ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಘಮವೂ ಇದರದೇ. ಅದು ಕಿವಿರಿನ ಮೂಲಕ ಒಳಹೊಕ್ಕು ಕೊಬ್ಬಿನಲ್ಲಿ ಕೂರುತ್ತದೆ, ಹಾಗಾಗಿ ಕೊಬ್ಬಿದ ಮೀನಿನಿಂದ ಬೇಗ ಹೋಗುವುದಿಲ್ಲ. ತಿಳಿನೀರಿನಲ್ಲಿ ಮೇವಿಲ್ಲದೆ ಕೆಲವು ದಿನ ಬಿಟ್ಟರೆ ಕಡಿಮೆಯಾಗುತ್ತದೆ. ಹುಳಿಗೆ ಈ ವಸ್ತು ಒಡೆಯುತ್ತದೆ. ನಮ್ಮ ತಾಯಂದಿರು ಕೆರೆ ಮೀನಿನ ಸಾರಿಗೆ ಹುಣಸೆ ಹುಳಿಯನ್ನು ಧಾರಾಳವಾಗಿ ಹಿಂಡಿದ್ದು ಯಾವ ಪುಸ್ತಕವನ್ನೂ ಓದಿ ಅಲ್ಲ.

ತಳಿಯ ವಿಚಾರವನ್ನು ಚುಟುಕಾಗಿ ಮುಗಿಸುತ್ತೇವೆ. ನಮ್ಮ ಕೆರೆಗಳಲ್ಲಿ ತಲೆಮಾರುಗಟ್ಟಲೆ ಒಳಗೊಳಗೇ ಮರಿ ಮಾಡಿಕೊಂಡು ಬಂದ ಸಾಮಾನ್ಯ ಗೆಂಡೆ ಆರು ತಿಂಗಳೊಳಗೇ ಮೊಟ್ಟೆ ಕಟ್ಟುತ್ತದೆ. ತಿಂದ ಮೇವು ಮಾಂಸಕ್ಕೆ ಹೋಗದೆ ಮೊಟ್ಟೆಗೆ ಹೋಗುತ್ತದೆ. ತಕ್ಕಡಿಯಲ್ಲಿ ಅರ್ಧ ಕಿಲೋ ತೂಗಿದ್ದನ್ನು ಮನೆಯಲ್ಲಿ ಸೀಳಿದರೆ ಹೊಟ್ಟೆ ತುಂಬ ಮೊಟ್ಟೆ, ಬೆನ್ನಲ್ಲಿ ಮಾಂಸವಿಲ್ಲ. ಇದಕ್ಕಾಗಿ ಬೆಂಗಳೂರಿನ ವಿಜ್ಞಾನಿಗಳು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಹಕಾರದಿಂದ ಹಂಗೇರಿಯ ಅಮೂರ್ ತಳಿಯನ್ನು ತಂದು ಪರೀಕ್ಷಿಸಿ ರೈತರಿಗೆ ಕೊಟ್ಟರು. ಅದು ತಡವಾಗಿ ಮೊಟ್ಟೆ ಕಟ್ಟುತ್ತದೆ, ಬೇಗ ಬೆಳೆಯುತ್ತದೆ. ಮರಿ ಕೇಂದ್ರದಲ್ಲಿ ಕೇಳಿ ಅದನ್ನೇ ತರಬೇಕು, ಸಿಕ್ಕಿದ ಮರಿ ತಂದು ಬಿಡುವ ಕಾಲ ಹೋಯಿತು.

ಮತ್ತೊಮ್ಮೆ ಬೊಹೆಮಿಯಾಕ್ಕೆ ಹೋಗಬೇಕಾಗಿದೆ. ಶುಸ್ತಾ ಕಾಲದಿಂದ ಗೋಧಿ, ಜವೆಗೋಧಿ ಹಾಕಿ ಗೆಂಡೆ ಬೆಳೆಸಿದ ಆ ಸೀಮೆಯಲ್ಲೂ ಇದೇ ಪ್ರಶ್ನೆ ಎದ್ದಿತು. ಧಾನ್ಯ ಜಾಸ್ತಿಯಾದರೆ ಕೊಬ್ಬು ಜಾಸ್ತಿ, ಒಮೆಗಾ-3 ಕಡಿಮೆ. ಅಲ್ಲಿಯ ದಕ್ಷಿಣ ಬೊಹೆಮಿಯಾ ವಿಶ್ವವಿದ್ಯಾಲಯದವರು ಧಾನ್ಯದ ಜತೆ ಅಗಸೆ ಮತ್ತು ಸಾಸಿವೆ ಜಾತಿಯ ರೇಪ್ ಬೀಜದ ಹಿಂಡಿ ಸೇರಿಸಿ, ಕೆರೆಯ ಸಹಜ ಹುಳವನ್ನೂ ಉಳಿಸಿಕೊಂಡು, ಒಮೆಗಾ-3 ಹೆಚ್ಚಿರುವ ಗೆಂಡೆಯನ್ನು ಬೆಳೆಸಿದರು. ಹೃದಯದ ಶಸ್ತ್ರಚಿಕಿತ್ಸೆ ಆದ ರೋಗಿಗಳಿಗೆ ವಾರಕ್ಕೆ ಎರಡು ಬಾರಿ ಗೆಂಡೆ ಮೀನಿನ ಊಟ ಹಾಕಿ ನೋಡಿದರು. ತಿಂದವರ ರಕ್ತದಲ್ಲಿ ಕೊಬ್ಬಿನ ಲೆಕ್ಕ ತಿನ್ನದವರಿಗಿಂತ ಹೆಚ್ಚು ಸುಧಾರಿಸಿತೆಂದು 2011ರಲ್ಲಿ ಪ್ರಕಟಿಸಿದರು. ಸಮುದ್ರದ ದುಬಾರಿ ಮೀನು ಬೇಡ, ಕೆರೆಯ ಗೆಂಡೆಯೇ ಸಾಕು ಎಂಬ ಮಾತಿಗೆ ಇದರಿಂದ ಬಲ ಬಂತು. ಅಗಸೆ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದೇನಲ್ಲ, ಚಟ್ನಿಪುಡಿ ಕುಟ್ಟಿ ತಿನ್ನುವುದೇ. ಗಾಣದಿಂದ ಅದರ ಹಿಂಡಿ ತರಿಸುವುದು ಕಷ್ಟದ ಕೆಲಸವಲ್ಲ.

ಇನ್ನು ವ್ಯಾಪಾರಿಯವರ ಕಾಗದ. ಉಂಡೆ ಮೇವು ಎಂದ ಮಾತ್ರಕ್ಕೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದರಲ್ಲಿ ಸೋಯಾ ಇದೆಯೇ, ಮೀನೆಣ್ಣೆ ಇದೆಯೇ, ಬರೀ ತೌಡು ಜೋಳವೇ ಎಂಬುದರ ಮೇಲೆ ಗುಣ ನಿಂತಿದೆ. ಮೂಟೆಯ ಮೇಲೆ ಸಸಾರಜನಕ ಇಷ್ಟು, ಕೊಬ್ಬು ಇಷ್ಟು ಎಂದು ಅಚ್ಚು ಹಾಕಿರುತ್ತಾರೆ, ಯಾವ ಎಣ್ಣೆಯ ಕೊಬ್ಬು ಎಂದು ಹಾಕಿರುವುದಿಲ್ಲ. ಅದನ್ನು ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ಎರಡನೆಯದು, ಮೀನೆಲ್ಲ ಅವರಿಗೇ ಕೊಡಬೇಕೆಂಬ ಷರತ್ತು. ಈಗ ನಾವು ಹಿಡಿದ ಮೀನಿನಲ್ಲಿ ಒಂದು ಪಾಲನ್ನು ಏರಿಯ ಮೇಲೆಯೇ ಊರವರಿಗೆ ಸಂತೆ ಬೆಲೆಗಿಂತ ಕಡಿಮೆಗೆ ತೂಗುತ್ತೇವೆ. ಬಲೆಗೆ ಬಿದ್ದ ಸಾಸಲು, ಪಕ್ಕೆಯನ್ನು ಬಲೆ ಎಳೆದವರ ಮನೆಗೆ ಹಾಗೇ ಕೊಡುತ್ತೇವೆ. ಕಾಗದಕ್ಕೆ ಸಹಿ ಹಾಕಿದರೆ ಈ ಎರಡೂ ನಿಲ್ಲುತ್ತವೆ. ಲಾಭ ಬರುವುದು ನಿಜ, ಬಾಕಿ ಇರುವ ಗುತ್ತಿಗೆ ಹಣವೂ ತೀರೀತು. ಆದರೆ ಸಂಘದ ಕೆರೆಯ ಮೀನನ್ನು ತಿನ್ನಲು ಸದಸ್ಯರ ಮನೆಯವರು ಪೇಟೆಗೆ ಹೋಗಬೇಕಾದೀತು. ಅದನ್ನು ನಾವು ಒಪ್ಪಲಾರೆವು, ಇದು ಲೇಖಕರಾದ ನಮ್ಮ ಅಭಿಪ್ರಾಯ, ಆಡಳಿತ ಮಂಡಳಿಯದಲ್ಲ.

ಆಡಳಿತ ಮಂಡಳಿಯಲ್ಲಿ ನಡೆದ ಚರ್ಚೆಯಂತೆ ಈ ಸಾಲಿಗೆ ಹೀಗೆ ಗೊತ್ತಾಗಿದೆ. ಮರಿ ಬಿಡುವುದಕ್ಕೆ ಹದಿನೈದು ದಿನ ಮೊದಲು ಸಗಣಿ, ಸುಣ್ಣ ಹಾಕಿ ನೀರನ್ನು ಹಸಿರು ಮಾಡುವುದು. ಮೊಣಕೈ ಮುಳುಗುವಷ್ಟು ಕೈ ಇಳಿಬಿಟ್ಟರೆ ಅಂಗೈ ಮರೆಯಾಗಬೇಕು, ಅದಕ್ಕಿಂತ ಮೇಲೆಯೇ ಮರೆಯಾದರೆ ಗೊಬ್ಬರ ನಿಲ್ಲಿಸುವುದು. ತೌಡು, ಹಿಂಡಿ ಎಂದಿನಂತೆ, ಅದರ ಜತೆ ಒಣಗಿಸಿದ ಪ್ಯೂಪ, ಸಿಕ್ಕರೆ ಅಗಸೆ ಹಿಂಡಿ. ಕೊನೆಯ ಮೂರು ವಾರ ಪ್ಯೂಪ ಇಲ್ಲ. ಹಿಪ್ಪೆ ಹಿಂಡಿ ಯಾವ ಗುಂಡಿಗೂ ಇಲ್ಲ. ಕೆರೆಯ ಪಕ್ಕದ ಎರಡು ಹೊಂಡಗಳಲ್ಲಿ ಒಂದಕ್ಕೆ ಇದೇ ಮೇವು, ಇನ್ನೊಂದಕ್ಕೆ ವ್ಯಾಪಾರಿಯವರಿಂದ ನಗದು ಕೊಟ್ಟು ತಂದ ಉಂಡೆ ಮೇವು ಹಾಕಿ ಬೆಳೆಸಿ, ಖರ್ಚು ಮತ್ತು ತೂಕದ ಲೆಕ್ಕವನ್ನು ಮುಂದಿನ ಮಹಾಸಭೆಯಲ್ಲಿ ಓದುವುದು. ಎರಡೂ ಹೊಂಡದ ಮೀನನ್ನು ಬೇರೆ ಬೇರೆ ಪಾತ್ರೆಯಲ್ಲಿ ಸಾರು ಮಾಡಿಸಿ ಸಭೆಯ ಊಟಕ್ಕೆ ಬಡಿಸುವುದು. ಯಾವುದು ಯಾವ ಹೊಂಡದ್ದೆಂದು ಊಟ ಮುಗಿಯುವವರೆಗೂ ಯಾರಿಗೂ ಹೇಳುವುದಿಲ್ಲ. ಪ್ರಶ್ನೆ ಎತ್ತಿದ ಅಮ್ಮನವರೇ ಮೊದಲ ಪಂಕ್ತಿಯಲ್ಲಿ ಕೂರಬೇಕೆಂದು ಅವರ ಮನೆಗೆ ಹೋಗಿ ಹೇಳಿ ಬಂದಿದ್ದೇವೆ. "ಬತ್ತೀನಿ, ಮುದ್ದೆ ಮಾತ್ರ ಬಿಸಿ ಇರ್ಲಿ" ಎಂದಿದ್ದಾರೆ.